ಇಪ್ಪತ್ತಕ್ಕೊಂದು ಕಲ್ಲು

ಉಳವಿಯ ಆಚೆಗಿನ ಕಲ್ಲುಗುಡ್ಡದಲ್ಲಿ ಇನ್ನೂ ನಸುಕು. ಮಾರಪ್ಪ ಕಂಬಳಿ ಹೊದ್ದು ಗವಿಯ ಬಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಅವರನ್ನು ಕಾಣಲು ಬಂದ ನಾನೂ ಪಕ್ಕದಲ್ಲಿದ್ದೇನೆ. ಹುಳ ಹಿಡಿಯಲು ಹೋದ ಬಾವಲಿಗಳು ಮರಳುವ ಹೊತ್ತಿದು. ಒಂದು ಸುಯ್ಯನೆ ಒಳಗೆ ಹೋಗುತ್ತದೆ. ಮಾರಪ್ಪನ ಹೆಬ್ಬೆರಳು ಒಂದು ಗೆಣ್ಣು ಸರಿಯುತ್ತದೆ. ಆಮೇಲೆ ಬಹಳ ಹೊತ್ತು ಏನೂ ಬರುವುದಿಲ್ಲ.

ಎಪ್ಪತ್ತು ದಾಟಿದ ಮಾರಪ್ಪ ಶಿಕಾರಿಪುರ ಕಡೆಯ ಕುರಿಗಾಹಿ. ಇಪ್ಪತ್ತು ಕುರಿಗೆ ಒಂದು ಕಲ್ಲಿನಂತೆ ಚೀಲಕ್ಕೆ ಹಾಕಿ ಎಣಿಸುವುದು ಅವರ ರೂಢಿ. ಬಾವಲಿಗೂ ಅದೇ ಲೆಕ್ಕ. ಎರಡು ವರ್ಷದಿಂದ ಕುರಿಗಳನ್ನು ಮಗಳು ದುರುಗಮ್ಮನಿಗೆ ಬಿಟ್ಟು ಇಲ್ಲೇ ಉಳಿದಿದ್ದಾರೆ. ದಿನವೂ ಎಣಿಸಿ, ಶಿಕಾರಿಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶ್ರೀರಂಜಿನಿಯವರಿಗೆ ಫೋನಿನಲ್ಲಿ ಸಂಖ್ಯೆ ಒಪ್ಪಿಸುತ್ತಾರೆ. ಹೀಗೆ ಮಾಡೆಂದು ಅವರಿಗೆ ಯಾರೂ ಹೇಳಿದ್ದಲ್ಲ.

"ಮೂಗಿನ ಸುತ್ತ ಕುದುರಿ ಲಾಳ ಬಡದಂಗೈತ್ರೀ," ಎನ್ನುತ್ತಾರೆ ಮಾರಪ್ಪ. ಹಣ್ಣು ತಿನ್ನುವ ದೊಡ್ಡ ಬಾವಲಿಗಳಿಗೂ ಇವಕ್ಕೂ ಸಂಬಂಧ ದೂರದ್ದು, ಲಾಳಮೂಗಿನವುಗಳದೇ ಬೇರೆ ಕುಟುಂಬ, ಇವು ಅದರಲ್ಲಿ ಕೆಂಗಂದು ಬಣ್ಣದ ಜಾತಿ ಎಂದು ವಿವರಿಸಿದವರು ಶ್ರೀರಂಜಿನಿ. ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಕೂಗುತ್ತವೆ. ಆ ಕೂಗು ನಮ್ಮ ಕಿವಿಗೆ ನಿಲುಕದು. ಅದರ ಮಾರ್ದನಿ ಹಿಡಿದು ಕತ್ತಲಲ್ಲಿ ಹುಳ ಬೇಟೆಯಾಡುತ್ತವೆ. ರೆಕ್ಕೆಯನ್ನೇ ಕಂಬಳಿಯಂತೆ ಸುತ್ತಿಕೊಂಡು ತಲೆಕೆಳಗಾಗಿ ನೇತಾಡುತ್ತವೆ. ತಾಯಿಗೆ ವರ್ಷಕ್ಕೆ ಒಂದೇ ಮರಿ.

ಎರಡು ವರ್ಷದ ಹಿಂದೆ, ಬಾವಲಿಗಳು ಮರಿ ಹಾಕುವ ಬೇಸಿಗೆಯಲ್ಲೇ, ಮೂರು ದಿನ ಅಡ್ಡಮಳೆ ಹಿಡಿಯಿತು. ಮಾರಪ್ಪ ಕುರಿಗಳನ್ನು ಗವಿಯ ಬಾಯಿಗೆ ತಂದು ನಿಲ್ಲಿಸಿದರು. ಕುರಿಮರಿಗಳಿಗೆ ನೊಣ ಮುತ್ತಿತು. ಎಲ್ಲ ಕುರಿಗಾಹಿಗಳೂ ಮಾಡುವಂತೆ ಅವರೂ ಹಸಿ ಲಕ್ಕಿಸೊಪ್ಪು ಸುಟ್ಟು ಹೊಗೆ ಹಾಕಿದರು. ಹೊಗೆ ಒಳಗೆ ತುಂಬಿ ತಾಯಿ ಬಾವಲಿಗಳು ದಿಕ್ಕೆಟ್ಟು ಹಾರಿಹೋದವು.

"ನನ್ನ ಮರಿ ಒಂದೂ ಸಾಯ್ಲಿಲ್ರೀ. ಒಳಗ ಹೋಗಿ ನೋಡಿದ್ರ ಅವುಗಳ ಮರಿ ನೆಲದ ತುಂಬ ಬಿದ್ದಿದ್ವು. ಕೂದಲಾನೂ ಬಂದಿರ್ಲಿಲ್ಲ."

ಮೊದಲು ಇಲ್ಲಿ ಮುನ್ನೂರಕ್ಕೂ ಹೆಚ್ಚಿದ್ದವು. ಹಾರಿಹೋದವುಗಳಲ್ಲಿ ಹೆಚ್ಚಿನವು ಮರಳಲಿಲ್ಲ. ಸಂಖ್ಯೆ ಇಳಿದದ್ದೇಕೆ ಎಂಬ ಜಾಗವನ್ನು ಶ್ರೀರಂಜಿನಿ ತಮ್ಮ ವರದಿಯಲ್ಲಿ ಖಾಲಿ ಬಿಟ್ಟಿದ್ದರಂತೆ. ಮಾರಪ್ಪನೇ ಹಟ ಹಿಡಿದು ಅಲ್ಲಿ ತಮ್ಮ ಹೆಸರು ಬರೆಸಿದ್ದಾರೆ.

ಬೆಳಕು ಹರಿಯುತ್ತದೆ. ಇವತ್ತು ಬಂದದ್ದು ಒಂಬತ್ತು. ಈ ಬೇಸಿಗೆಯಲ್ಲೂ ಒಂದು ಮರಿಯೂ ಕಂಡಿಲ್ಲ. ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಮಾರಪ್ಪ ಅಂಗೈ ಬಿಚ್ಚುತ್ತಾರೆ. ನಸುಕಿನಿಂದ ಹಿಡಿದೇ ಕೂತಿದ್ದ ಕಲ್ಲು ಬೆವರಿಗೆ ಒದ್ದೆಯಾಗಿದೆ.

"ಇದೊಂದು ಚೀಲಕ್ಕ ಬಿದ್ರ ಸಾಕ್ರೀ. ನಾನಿರೋತನ ಬೀಳಂಗಿಲ್ಲ, ಗೊತ್ತೈತಿ. ನಾಳೆ ಮತ್ತ ಬರ್ತೀನಿ."