ಮೈ ಉರಿಸುವ ಪುಸ್ತಕ ಬೇಕಿತ್ತು

ಹೋದ ವರ್ಷ ಬೇಸಿಗೆಯಲ್ಲಿ ನನ್ನ ಗಂಡನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದ ಬಲಗೈ ಹಾಗೇ ಸೋತು ಜಾರಿತು, ಬಾಯಿ ಸೊಟ್ಟಗಾಯಿತು. ಹೊಳೆನರಸೀಪುರದಿಂದ ಹಾಸನಕ್ಕೆ ಕರಕೊಂಡು ಓಡಿದೆವು. ಜೀವ ಉಳಿಯಿತು. ಕಾಲು ಬಂತು, ಕೈ ಅರೆಬರೆ ಬಂತು, ಮಾತು ಮಾತ್ರ ಬರಲಿಲ್ಲ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡು, ಮೋಟಾರಿನ ಸದ್ದಿಗಿಂತ ಜೋರಾಗಿ ಕೂಗಾಡಿಕೊಂಡು ಬದುಕಿದ ಮನುಷ್ಯ. ಈಗ ಏನು ಕೇಳಿದರೂ ಸುಮ್ಮನೆ ತಲೆ ಆಡಿಸುತ್ತಿದ್ದರು. ಹೂಂ ಅಂತ.

ಆ ಹೂಂ ನನ್ನ ಹೊಟ್ಟೆಗೆ ಬೆಂಕಿ ಹಾಕುತ್ತಿತ್ತು. ಮದುವೆಯಾದಾಗಿನಿಂದ ನಾನು ಹೇಳಿದ ಮಾತಿಗೆ ಅವರು ಹೂಂ ಅಂದಿದ್ದೇ ಇಲ್ಲ. ನಾನು ಚನ್ನರಾಯಪಟ್ಟಣದ ಕಡೆಯವಳು, ಅವರು ಅರಕಲಗೂಡಿನ ಕಡೆಯವರು. ನಮ್ಮೂರ ತೆಂಗಿನಕಾಯಿ ರುಚಿ ಅಂತ ನಾನು ಅಂದರೆ, "ನಿಮ್ಮ ಸೀಮೇಲಿ ಮಳೆನೇ ಬೀಳಾಕಿಲ್ಲ, ರುಚಿ ಎಲ್ಲಿಂದ ಬತ್ತದೆ ಕಣೇ" ಅನ್ನೋರು. ಸಾರಿಗೆ ಉಪ್ಪು ಮುಂದಾಯಿತು ಅಂದರೆ ಸಪ್ಪೆ ಅನ್ನೋರು, ಸಪ್ಪೆ ಅಂದರೆ ಉಪ್ಪು ಅನ್ನೋರು. ಅಂಥವರು ಈಗ ಎರಡಕ್ಕೂ ಹೂಂ. ಹಾಳಾದ್ದು, ಇಷ್ಟು ಸಾಧು ಗಂಡನನ್ನು ನಾನು ಯಾವ ದೇವರ ಹತ್ತಿರವೂ ಬೇಡಿಕೊಂಡಿರಲಿಲ್ಲ.

ಹಾಸನದಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಚಿಕ್ಕ ಹುಡುಗಿ. ನಾನು ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಮಕ್ಕಳ ವಯಸ್ಸಿನವಳು. "ದಿನಾ ಏನಾದರೂ ಜೋರಾಗಿ ಓದಿ ಹೇಳಿ ಮೇಡಂ. ನಡುನಡುವೆ ನಿಲ್ಲಿಸಿ. ನಾನೇ ಏನಾದರೂ ಅನ್ನಬೇಕು ಅಂತ ಅವರಿಗೇ ಅನ್ನಿಸಬೇಕು. ಅವರ ಮಾತನ್ನ ನೀವೇ ಹೇಳಿಬಿಡಬೇಡಿ" ಅಂದಳು.

"ಮಾತು ಬರ್ತದಾ?" ಅಂದೆ.

"ಬರಬಹುದು. ಆದರೆ ಈಗಲೇ ಹಿಡೀಬೇಕು, ದಿನ ಕಳೆದಷ್ಟೂ ಕಷ್ಟ."

"ಏನು ಓದಲಿ?"

"ಅವರಿಗೆ ಇಷ್ಟ ಆಗೋದು."

ಅಲ್ಲಿಂದ ಶುರುವಾಯಿತು ನನ್ನ ಪರದಾಟ. ಕತೆ ಕಾದಂಬರಿ ನಮ್ಮ ಮನೆಗೆ ಬರುವ ಹಾಗೇ ಇರಲಿಲ್ಲ. "ಹುಟ್ಟೇ ಇಲ್ಲದವರ ಗೋಳು ನನಗ್ಯಾಕೆ, ನಡೆದಿದ್ದಿದ್ರೆ ಕೊಡು" ಅನ್ನುವ ಆಸಾಮಿ. ಬಾವಿ, ಹಾವು, ರೈಲು, ಯುದ್ಧ, ಇಂಥವೇ ಅವರ ಓದು. ಸರಿ ಅಂತ ಅಣೆಕಟ್ಟು ಕಟ್ಟಿದ ಕತೆಯ ಪುಸ್ತಕ ತಂದೆ. ಒಂದು ಕಾಲಕ್ಕೆ ಮೂರು ಸಲ ಓದಿ ಮೆಚ್ಚಿದ್ದು. ಅಡಿಪಾಯ ಮುಗಿಯುವಷ್ಟರಲ್ಲಿ ಗೊರಕೆ ಹೊಡೆದರು. ಚನ್ನರಾಯಪಟ್ಟಣದಿಂದ ನಮ್ಮಕ್ಕ ಒಬ್ಬ ಮಹಾತ್ಮರ ಜೀವನ ಚರಿತ್ರೆ ಹಿಡಿದುಕೊಂಡು ಬಂದಳು. "ಇದನ್ನ ಓದೇ, ಎಲ್ಲಾ ಒಳ್ಳೇದಾಯ್ತದೆ" ಅಂದಳು. ಗಂಡ ಎಡಗೈ ಎತ್ತಿ ಹಣೆಗೆ ಮುಟ್ಟಿಸಿಕೊಂಡು ಹೂಂ ಅಂದರು. ಹಿಮಾಲಯದ ಪ್ರವಾಸದ ಪುಸ್ತಕ ಓದಿದರೆ, ಇನ್ನು ಎಲ್ಲಿಗೂ ಹೋಗಲಾರೆ ಅಂತಲೋ ಏನೋ, ಅವರ ಕಣ್ಣಲ್ಲಿ ನೀರು ಸುರಿಯಿತು. ಅದನ್ನು ಅರ್ಧಕ್ಕೇ ಮುಚ್ಚಿಟ್ಟೆ. ಯಾವುದಕ್ಕೂ ಒಂದು ಮಾತು ಹೊರಡಲಿಲ್ಲ, ದಿನ ಮಾತ್ರ ಉರುಳುತ್ತಿತ್ತು.

ಆ ದಿನ ಲೈಬ್ರರಿಯಲ್ಲಿ ಕಪಾಟಿನ ಮುಂದೆ ನಿಂತು ನಿಂತು ಕಾಲು ನೋಯುತ್ತಿತ್ತು. ಮುಂದಿನದು ಯಾವುದು? ಇದೂ ದಂಡವಾದರೆ? ಲೈಬ್ರರಿ ನೋಡಿಕೊಳ್ಳುವ ಹುಡುಗಿ ಹತ್ತಿರ ಬಂದು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು: "ಟೀಚರ್, ಸಾರ್‌ಗೆ ಯಾವ ಥರದ್ದು ಬೇಕು?"

ನನಗೆ ಎಲ್ಲಿತ್ತೋ ಕೋಪ. "ಮೈ ಉರಿಯೋ ಥರದ್ದು ಇದ್ರೆ ಕೊಡಮ್ಮ!" ಅಂದುಬಿಟ್ಟೆ.

ಅಂದವಳು ಹಾಗೇ ನಿಂತೆ. ಅಯ್ಯೋ, ಹೌದಲ್ಲ! ಇಷ್ಟವಾದ ಪುಸ್ತಕ ಸಿಕ್ಕಿದರೆ ಈ ಮನುಷ್ಯ ಯಾವತ್ತು ಮಾತಾಡಿದ್ದಾರೆ? ಊಟಕ್ಕೆ ಕರೆದರೂ ಕಿವಿ ಕೇಳುತ್ತಿರಲಿಲ್ಲ. ತಪ್ಪು ಬರೆದವನು ಕೈಗೆ ಸಿಕ್ಕಿದರೆ ತಾನೇ ಪುಸ್ತಕ ಎತ್ತಿಕೊಂಡು ಅಡಿಗೆಮನೆಗೇ ನುಗ್ಗುತ್ತಿದ್ದದ್ದು! "ನೋಡೇ ಇಲ್ಲಿ, ಈ ಮಹಾನುಭಾವ ಏನು ಬರೆದವ್ನೆ" ಅಂತ ಒಗ್ಗರಣೆ ಸೀದುಹೋಗುವವರೆಗೂ ಬಿಡುತ್ತಿರಲಿಲ್ಲ. ನಾನು ಇಷ್ಟು ದಿನ ಓದಿದ್ದೆಲ್ಲ ಜೋಗುಳ.

ಆಮೇಲೆ ನೋಡಿ, ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಕೂತೆ, ಹುಳುಕು ಇರುವುದನ್ನೇ ಹುಡುಕಿಕೊಂಡು. ಮೋಟಾರ್ ರಿಪೇರಿಯ ಪುಸ್ತಕವೊಂದಿತ್ತು. ತಿರುವಿ ನೋಡಿದರೆ ಎಲ್ಲಾ ಸರಿಯಾಗೇ ಇತ್ತು. ಅದು ಬೇಡ. ಸುಖ ಸಂಸಾರದ ಗುಟ್ಟುಗಳು ಅಂತ ಒಂದಿತ್ತು. ಅದಕ್ಕೆ ಅವರು ಬರೀ ನಗುತ್ತಾರೆ. ಕೊನೆಗೆ ಕೈಗೆ ಬಂತು ಆಹಾರ, ಆರೋಗ್ಯದ ಮೇಲೆ ಬರೆದ ಒಂದು ತೆಳ್ಳನೆಯ ಪುಸ್ತಕ, ಮಿರಮಿರ ಮಿಂಚುವ ರಟ್ಟು. ಬರೆದವರು ಯಾವ ಊರಿನವರೋ, ನಮ್ಮ ಕಡೆಯವರಂತೂ ಅಲ್ಲ. ರಾಗಿಮುದ್ದೆಯನ್ನು ಬಾಯಲ್ಲಿ ನೀರಾಗುವವರೆಗೆ ಚೆನ್ನಾಗಿ ಅಗಿದು ತಿನ್ನಬೇಕು ಅಂತ ಬರೆದಿದ್ದರು.

ಮುದ್ದೆ ಅಗಿಯುವುದಂತೆ! ನಾನು ಲೈಬ್ರರಿ ಅನ್ನುವುದನ್ನೂ ಮರೆತು ನಕ್ಕುಬಿಟ್ಟೆ. ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ಕನೆ ನುಂಗುವುದನ್ನು ನಮ್ಮ ಮಕ್ಕಳು ನಡೆಯುವುದು ಕಲಿತ ಹಾಗೇ ಕಲಿಯುತ್ತಾರೆ. ಹಲ್ಲಿಗೆ ತಾಗಿಸಿದರೆ ಅಂಟಿಕೊಂಡು ಫಜೀತಿ. ಹೊಸ ಅಳಿಯನೇನಾದರೂ ಮುದ್ದೆ ಅಗಿದರೆ ಊರೆಲ್ಲ ಆಡಿಕೊಂಡು ನಗುತ್ತದೆ. ಈ ಒಂದು ವಿಷಯದಲ್ಲಿ ಚನ್ನರಾಯಪಟ್ಟಣಕ್ಕೂ ಅರಕಲಗೂಡಿಗೂ ತಕರಾರೇ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಕೂರಿಸಿ ಓದಲು ಶುರುಮಾಡಿದೆ. ಸೊಪ್ಪು, ಕಾಳು, ಹಣ್ಣು, ಎಲ್ಲದಕ್ಕೂ ಹೂಂ. ಮುದ್ದೆಯ ಪುಟ ಬಂತು. ಓದಿ ನಿಲ್ಲಿಸಿದೆ. ಹುಬ್ಬು ಗಂಟಾಯಿತು. ಎಷ್ಟು ದಿನವಾಗಿತ್ತು ಆ ಗಂಟು ನೋಡಿ! ಇನ್ನೊಂದು ಸಲ, ನಿಧಾನವಾಗಿ, ನೀರಾಗುವವರೆಗೆ ಅಗಿದು ಅಂತ ರಾಗ ಎಳೆದು ಓದಿದೆ. ತಲೆ ಅಡ್ಡಡ್ಡ ಆಡಿತು.

"ಸರಿಯಾಗೇ ಬರೆದವ್ರೆ ಕಣ್ರೀ. ಅಗಿದ್ರೆ ತಾನೇ ಅರಗೋದು?" ಅಂದೆ. ನಮ್ಮಮ್ಮ ಕೇಳಿದ್ದರೆ ಮುದ್ದೆಕೋಲಿನಲ್ಲೇ ಬಾರಿಸುತ್ತಿದ್ದಳು.

ಎಡಗೈ ಕುರ್ಚಿಯ ಮೇಲೆ ಬಡಿಯಿತು. ತುಟಿ ನಡುಗಿತು. "ನು... ನು..." ಮುಖ ಕೆಂಪಗಾಗುತ್ತಿತ್ತು. ಮಿಕ್ಕಿದ ಮಾತನ್ನು ನಾನೇ ಹೇಳಿಬಿಡಲಾ ಅನ್ನಿಸಿತು, ನೋಡೋಕಾಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಕೂತೆ.

"ನುಂಗ್... ಬೇಕು!"

ಗಂಟಲು ಗೊಗ್ಗರು, ಆದರೆ ಅವರದೇ. ಅಷ್ಟಕ್ಕೇ ಬಿಡಬೇಕಿತ್ತು, ಆಸೆ ಬಿಡಬೇಕಲ್ಲ. ಪುಟ ತಿರುಗಿಸಿ, ಪುಸ್ತಕದಲ್ಲಿ ಇಲ್ಲದ್ದನ್ನೇ ಓದಿದೆ: "ಮುದ್ದೆಗೆ ಹಾಲು, ಸಕ್ಕರೆ ಕಲಸಿ, ಮೇಲೆ ಗೋಡಂಬಿ ಉದುರಿಸಿ ಚಮಚದಲ್ಲಿ ತಿನ್ನುವುದು ಉತ್ತಮ."

ಅವರು ನನ್ನ ಮುಖವನ್ನೇ ನೋಡಿದರು. ಎಡಗೈ ಚಾಚಿ ಪುಸ್ತಕ ಕಿತ್ತುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಬೆರಳು ಮೊದಲ ಸಾಲಿನ ಮೇಲೆ ನಿಂತಿತು, ಆಮೇಲೆ ಮೆಲ್ಲಗೆ ಸರಿಯಿತು. ಎರಡನೇ ಸಾಲು. ಮೂರನೇ ಸಾಲು. ಲಕ್ವ ಹೊಡೆದಾಗಿನಿಂದ ಅವರು ಪೇಪರ್ ಕೂಡ ಮುಟ್ಟಿರಲಿಲ್ಲ. ಅಕ್ಷರವೂ ಹೋಯಿತು ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಬೆರಳು ಪುಟದ ಬುಡ ಮುಟ್ಟಿತು, ಹಿಂದಿನ ಪುಟಕ್ಕೆ ಹೋಯಿತು, ಮತ್ತೆ ಬಂತು.

"ಇಲ್ಲ" ಅಂದರು.

ಆಮೇಲೆ ತಲೆ ಎತ್ತಿ, ಬಾಯಿ ತುಂಬ ಮಾತು ಒಟ್ಟುಮಾಡಿಕೊಂಡು, ಸೊಟ್ಟ ತುಟಿಯಿಂದಲೇ ಹೊರಹಾಕಿದರು: "ಸುಳ್... ಸುಳ್ಬುರ್ಕಿ."

ನಾನು ಜಗುಲಿಯ ನೆಲದ ಮೇಲೆ ಕೂತು ಗೊಳೋ ಅಂತ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಪುಸ್ತಕದ ಮುಂದಿನ ಪುಟ ತಿರುಗಿಸಿ, ಇನ್ನೇನು ತಪ್ಪು ಬರೆದಿದ್ದಾನೋ ಅಂತ ಬೆರಳಿಟ್ಟು ಹುಡುಕತೊಡಗಿದರು.