ಮಸ್ಕತ್ತಿನಿಂದ ಮಿಶ್ರಿಕೋಟಿಗೆ ಮೂರು ತಾಸು

ಕಾಣದ್ದು, ಕೇಳದ್ದು, ಎಲ್ಲಿಂದಲೋ ಬಂದು ಹೋಗುವವರು, ಇವನ್ನೆಲ್ಲ ನಾನು ನಂಬಿದವನಲ್ಲ. ಧೈರ್ಯವಂತ ಎಂದಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಬೈಕು ತಿರುಗಿಸುವ ಮನುಷ್ಯನಿಗೆ ಇದ್ದವರ ಚಿಂತೆಯೇ ಸಾಕು, ಇಲ್ಲದವರದ್ದನ್ನು ಎಲ್ಲಿ ಹೊರಲಿ? ನೀವೂ ನಂಬಬೇಕಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ನಸುಕಿನಲ್ಲಿ, ಹುಬ್ಬಳ್ಳಿ ಬಳಿಯ ಮಿಶ್ರಿಕೋಟಿಯ ಮನೆಯಲ್ಲಿ ನಮ್ಮ ಅಮ್ಮ ತೀರಿಕೊಂಡಳು. ಅಣ್ಣ ಮಸ್ಕತ್ತಿನಲ್ಲಿ ಬಡಗಿ ಕೆಲಸಕ್ಕಿದ್ದ. ಫೋನು ಮಾಡಿದೆ. ಅವನು ಅಳಲಿಲ್ಲ. "ನಾ ಬರೂತನಕ ತಡೀಲೇ. ಅಮ್ಮಗ ನಾ ಮಣ್ಣು ಕೊಡಬೇಕು" ಅಂದ.

ನಮ್ಮಲ್ಲಿ ಮಯ್ಯತ್ತನ್ನು ಬಹಳ ಹೊತ್ತು ಇಡುವುದಿಲ್ಲ, ಬೇಗ ಮಣ್ಣು ಮಾಡಬೇಕು. ಗೋರಿಗೆ ಇಳಿಸಿದ ಮೇಲೆ ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕುತ್ತಾರೆ. ಮಗನಿಗೆ ಅದು ತಪ್ಪಿದರೆ ತಪ್ಪಿದಂತೆಯೇ. ನಾನು ಮೊಬೈಲಿನಲ್ಲಿ ಮಸ್ಕತ್, ಹುಬ್ಬಳ್ಳಿ ಎಂದು ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದೆ. ಮೂರು ತಾಸಿನ ಹಾರಾಟ ಎಂದಿತು. ಮಸೀದಿಯ ಹಿರಿಯರಾದ ಚಾಚಾರ ಮುಂದೆ ಹಿಡಿದೆ.

"ಮೂರು ತಾಸಂದ್ರ ಕಾಯೂಣು ಬಿಡು. ಅಸರ್ ನಮಾಜ್ ಆದಮ್ಯಾಲ ಒಯ್ಯೂಣು" ಅಂದರು.

ಬಾಜು ಮನೆಯ ಬಸಪ್ಪ ಕಾಕಾ ಕಟ್ಟೆಯ ಮೇಲೆ ಕೂತಿದ್ದ. "ಅಲ್ಲಿಂದ ಹುಬ್ಬಳ್ಳಿಗೆ ನೆಟ್ಟಗ ಇಮಾನ ಐತೇನು?" ಎಂದು ಕೇಳಿದ.

ಇರಲಿಲ್ಲ. ಮೊಬೈಲು ಎರಡು ಊರಿನ ನಡುವೆ ಗೆರೆ ಎಳೆದು ಲೆಕ್ಕ ಹಾಕಿತ್ತು, ಅಷ್ಟೇ. ಅಣ್ಣ ಮುಂಬೈಗೆ ಬಂದು, ಅಲ್ಲಿ ಕಾದು, ಇನ್ನೊಂದು ವಿಮಾನ ಹಿಡಿಯಬೇಕಿತ್ತು.

"ಉಪ್ಪು ತರಾಕ ಹೋದ್ರೂ ಹತ್ತ ಸಲ ವಿಚಾರ ಮಾಡ್ತೀ, ಇದೊಂದು ಬಿಟ್ಟಿ ನೋಡಲೇ" ಅಂದ ಕಾಕಾ. ಬೈದದ್ದಲ್ಲ, ಅವನ ಕಣ್ಣೂ ತುಂಬಿತ್ತು.

ಇಳಿಹೊತ್ತಿನ ಅಸರ್ ನಮಾಜೂ ಆಯಿತು. ಚಾಚಾ ಮತ್ತೂ ಸ್ವಲ್ಪ ಹೊತ್ತು ತಡೆದು ನನ್ನ ಮುಖ ನೋಡಿದರು. ಅಣ್ಣನ ಫೋನು ಬಂದ್. ವಿಮಾನದಲ್ಲಿದ್ದನೋ, ಮುಂಬೈಯಲ್ಲೇ ಕೂತಿದ್ದನೋ ತಿಳಿಯುವಂತಿರಲಿಲ್ಲ. ಬಿಸಿಲು ಅಂಗಳದಿಂದ ಸರಿಯಲೊಲ್ಲದು. ಅಮ್ಮನನ್ನು ಇನ್ನು ಇಡುವಂತಿರಲಿಲ್ಲ.

"ಸಾಕ್ರಿ ಚಾಚಾ, ಒಯ್ಯೂಣ್ರಿ" ಎಂದೆ. ಹಾಗೆ ಹೇಳಿದವನು ನಾನೇ.

ಖಬರಸ್ತಾನದಲ್ಲಿ ಮಣ್ಣಿಗೆ ಬಾಗಿದಾಗ ನನ್ನ ಕೈಯ ಪಕ್ಕಕ್ಕೆ ಇನ್ನೊಂದು ಕೈ ಬಂತು. ಅದರ ತೋರುಬೆರಳು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ತುಂಡಾದ, ನನ್ನ ಅಣ್ಣನ ಬೆರಳು. ಆ ಕೈ ಅವಸರವಿಲ್ಲದೆ ಮೂರು ಹಿಡಿ ಮಣ್ಣು ಹಾಕಿತು. ತಲೆ ಎತ್ತಿದೆ. ಪಕ್ಕದಲ್ಲಿ ಯಾರೂ ಇಲ್ಲ. ಜನರೆಲ್ಲ ಗೋರಿಯ ಆಚೆ ಬದಿಗಿದ್ದರು.

ನಿದ್ದೆಗೆಟ್ಟಿದ್ದೆ, ಏನೂ ತಿಂದಿರಲಿಲ್ಲ, ಬಿಸಿಲಿತ್ತು. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ರಾತ್ರಿ ಅಣ್ಣ ಬಂದ. ಚೀಲವನ್ನು ಹೊಸ್ತಿಲಲ್ಲೇ ಇಟ್ಟು ಖಾಲಿ ಮಂಚ ನೋಡಿದ. ಬೈಯುತ್ತಾನೆಂದು ಕಾದೆ.

"ನನ್ನ ಪಾಲಿನ ಮಣ್ಣು ಯಾರರ ಕೊಟ್ರೇನಲೇ?" ಎಂದ.

"ನೀನ ಕೊಟ್ಟಿ, ಭಾಯಿ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ನಿನಗೆ ಹುಚ್ಚೇ ಎನ್ನಲಿಲ್ಲ. ಮೆಲ್ಲಗೆ, "ಮೂರೂ?" ಎಂದು ಕೇಳಿದ.

"ಮೂರೂ."

ಆಗ ಅತ್ತ.

ಅವನು ಯಾಕೆ ಹಾಗೆ ಕೇಳಿದ, ಅವನಿಗೆ ಏನು ಗೊತ್ತಿತ್ತು, ನಾನು ಇವತ್ತಿಗೂ ಕೇಳಿಲ್ಲ. ಏನೂ ಗೊತ್ತಿರಲಿಲ್ಲ ಎಂದರೂ ನನಗೆ ಭಯ, ಗೊತ್ತಿತ್ತು ಎಂದರೂ ಭಯ.