ಜೋಳದ ಕೋಠಿಯಲ್ಲಿ ಸಿಕ್ಕ ಪಿಸ್ತೂಲು

ದೆವ್ವ ಭೂತದ ಮಾತು ಬಂದರೆ ನಾನು ಎದುರಿಗಿದ್ದವರ ಮುಖ ನೋಡಿ ಸುಮ್ಮನಿರುತ್ತಿದ್ದವನಲ್ಲ. ಯಾರಾದರೂ "ನಮ್ಮ ಹೊಲದಾಗ ಒಬ್ಬಾಕಿ ಬಿಳಿ ಸೀರಿ ಉಟ್ಕೊಂಡು..." ಎಂದು ಶುರು ಮಾಡಿದರೆ, "ಆ ಸೀರಿ ಯಾವ ಅಂಗಡ್ಯಾಗ ತಗೊಂಡಾಳಂತ, ಕೇಳ್ಕೊಂಡು ಬಾ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಮ್ಮದು ಬೌದ್ಧರ ಮನೆ. ದೀಕ್ಷೆ ತಗೊಂಡ ದಿನವೇ ನಮ್ಮಪ್ಪ ಮನೆಯಲ್ಲಿದ್ದ ತಾಯತ, ಕರಿ ದಾರ, ಒಣಗಿದ ನಿಂಬೆಹಣ್ಣು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಹೊರಗೆ ಹಾಕಿದ ಮನುಷ್ಯ. ನಾನು ಅವರ ಮಗ. ಈಗ ಬರೆಯುತ್ತಿರುವುದನ್ನು ನನ್ನ ಗೆಳೆಯರು ಓದಿದರೆ ಔರಾದದ ಬಸ್ ಸ್ಟ್ಯಾಂಡಿನಲ್ಲಿ ನನಗೆ ಚಹಾ ಕುಡಿಯುವುದೂ ಕಷ್ಟವಾದೀತು. ಆಗಲಿ. ನಡೆದದ್ದನ್ನು ನಡೆದಿಲ್ಲ ಎನ್ನಲು ನನ್ನ ಕೈಲಿ ಆಗುವುದಿಲ್ಲ.

ಔರಾದದ ಹೊರಗೆ ನನ್ನದೊಂದು ಪೆಟ್ರೋಲ್ ಪಂಪ್ ಇದೆ. ಕೆಲವು ವರ್ಷಗಳ ಹಿಂದೆ ಪಂಪಿನ ದುಡ್ಡು ಒಯ್ಯುವಾಗ ಇಬ್ಬರು ಅಡ್ಡಗಟ್ಟಿ ಕಣ್ಣಿಗೆ ಖಾರದ ಪುಡಿ ಎರಚಿದರು. ಚೀಲ ಹೋಯಿತು, ಕಣ್ಣು ಉಳಿಯಿತು. ಆಮೇಲೆ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ ಪಿಸ್ತೂಲಿನ ಲೈಸೆನ್ಸ್ ಮಾಡಿಸಿದೆ. ಹೊಸದರ ಬೆಲೆ ಕೇಳಿ ನಾನು ವಾಪಸ್ ಹೊರಟಾಗ ಬೀದರಿನ ಬಂದೂಕಿನ ಅಂಗಡಿಯವನು ಕರೆದು ಕೂರಿಸಿದ. "ಪೊಲೀಸರು ವಾಪರ್ ಮಾಡಿದ್ದು, ಸೆಕೆಂಡ್ ಹ್ಯಾಂಡ್ ಒಂದು ಅದ ನೋಡ್ರಿ. ಇಲಾಖೆದಾಗ ಹೊಸಾವು ಬಂದಾಗ ಹಳೇವು ತೆಗೆದ್ರು. ಸಾಹೇಬ್ರು ತಮ್ಮ ಕೈಯಾಗಿಂದು ತಾವೇ ತಗೊಂಡಿದ್ರು. ಈಗ ರಿಟೈರ್ ಆಗ್ಯಾರ, ಮಾರ್ತಾರ. ಬರೋಬ್ಬರ್ ಮಾಲ್ ಅದ" ಎಂದ.

ಮನೆಯಲ್ಲಿ ಅವ್ವ ಒಪ್ಪಲಿಲ್ಲ. "ಪಂಚಶೀಲ ಹೇಳೋ ಬಾಯಿಲೆ ಪಿಸ್ತೂಲಿನ ಸುದ್ದಿ ಆಡ್ತೀಯಲ್ಲೋ, ನಿನಗ ಬುದ್ಧಿ ಗಿದ್ದಿ ಅದನೋ ಇಲ್ಲೋ? ಬುದ್ಧನ ಫೋಟೋ ಇದ್ದ ಮನ್ಯಾಗ ಅದನ್ನ ಎಲ್ಲಿ ಇಡ್ತಿ?" ಎಂದು ಕೇಳಿದಳು. "ಅಲಮಾರಿದಾಗ ಇಡ್ತೇನಿ, ನಿನ್ನ ತಲಿ ಮ್ಯಾಲ ಇಡಂಗಿಲ್ಲ" ಎಂದೆ. ಅವಳು ಆ ದಿನ ನನಗೆ ಊಟಕ್ಕೆ ಬಡಿಸಲಿಲ್ಲ.

ಮಾರುವವರು ಅಂಗಡಿಗೆ ಖುದ್ದಾಗಿ ಬಂದಿದ್ದರು. ಹೆಸರು ಮಾಣಿಕರಾವ್, ರಿಟೈರ್ಡ್ ಸಬ್ ಇನ್‌ಸ್ಪೆಕ್ಟರ್, ಮನೆ ಚಿದ್ರಿಯಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಆದರೆ ಗುಂಡಿಯೊಂದು ಇರಲಿಲ್ಲ. ಸಹಿ ಎಲ್ಲ ಆದ ಮೇಲೂ ಪಿಸ್ತೂಲನ್ನು ಕೈಯಲ್ಲೇ ಹಿಡಿದು ಕೂತಿದ್ದರು.

"ಮನ್ಯಾಗ ಯಾರ್‍ಯಾರು ಇರ್ತೀರಿ?" ಎಂದು ಕೇಳಿದರು.

"ನಾನು, ಹೆಂಡ್ತಿ, ನಮ್ಮವ್ವ. ತಮ್ಮ ಒಬ್ಬಂವ ಅದಾನ್ರಿ."

ಪಿಸ್ತೂಲು ಕೊಡಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ತಮ್ಮನ ವಯಸ್ಸೇನು?"

"ಅಂವ ನಮ್ಮ ಜೋಡಿ ಇರಂಗಿಲ್ರಿ. ಭಾಲ್ಕಿದಾಗ ಕಾಲೇಜಿನಾಗ ಕಲಸ್ತಾನ. ಲಗ್ನ ಆಗ್ಯದ, ಛಂದ ಅದಾನ."

"ಛಂದ ಅದಾನ ಅಂದ್ರ ಆಯ್ತು" ಎಂದು ಕೊಟ್ಟರು. ಪೊಲೀಸರ ಅನುಮಾನದ ಬುದ್ಧಿ ರಿಟೈರ್ ಆದರೂ ಹೋಗುವುದಿಲ್ಲ ಎಂದುಕೊಂಡು ನಾನು ಬಸ್ ಹಿಡಿದೆ.

ನನ್ನ ತಮ್ಮ ವಿಲಾಸ ಖರೇನೇ ಛಂದ ಇದ್ದ. ಅವನ ಹೆಂಡತಿ ರೇಖಾ ನಗುವ ಹೆಣ್ಣುಮಗಳು. ಅವಳು ನಕ್ಕರೆ ನಮ್ಮವ್ವನೂ ಸಿಟ್ಟು ಮರೆತು ನಗುತ್ತಿದ್ದಳು. ಮುಂದಿನ ವರ್ಷ ಜ್ವರ ಎಂದು ಮಲಗಿದವಳು ಏಳಲಿಲ್ಲ. ಅಷ್ಟೇ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ವಿಲಾಸನನ್ನು ಔರಾದಕ್ಕೆ ಕರಕೊಂಡು ಬಂದೆವು. ಅವನು ಉಣ್ಣು ಅಂದರೆ ಉಣ್ಣುತ್ತಿದ್ದ, ಏಳು ಅಂದರೆ ಏಳುತ್ತಿದ್ದ, ತಾನಾಗಿ ಏನನ್ನೂ ಮಾಡುತ್ತಿರಲಿಲ್ಲ. ಅವಳ ದುಪಟ್ಟಾ ಒಂದನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ. ಅವನು ಬಂದ ದಿನದಿಂದ, ಪಿಸ್ತೂಲಿದ್ದ ಅಲಮಾರಿಯೊಳಗಿನ ಲಾಕರಿನ ಕೀಲಿಯನ್ನು ನಾನು ಉಡದಾರಕ್ಕೆ ಕಟ್ಟಿಕೊಂಡೆ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಅಲಮಾರಿ ತಂದಾಗ ಬಂದಿದ್ದ ಅದೇ ಲಾಕರಿನ ಇನ್ನೊಂದು ಕೀಲಿ ಬುದ್ಧನ ಫೋಟೋದ ಹಿಂದೆ ಮೊಳೆಗೆ ತೂಗುತ್ತಿದ್ದದ್ದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ವಿಲಾಸನಿಗೆ ಮಾತ್ರ ನೆನಪಿತ್ತು.

ಆ ದಿನ ಬೆಳಿಗ್ಗೆ ಪಿಸ್ತೂಲನ್ನು ಒರೆಸಿ, ಎಣ್ಣೆ ಹಚ್ಚಿ, ಚರ್ಮದ ಚೀಲಕ್ಕೆ ಹಾಕಿ, ಲಾಕರಿನಲ್ಲಿಟ್ಟು, ಕೀಲಿ ತಿರುವಿ, ಎಳೆದು ನೋಡಿ ಪಂಪಿಗೆ ಹೋದೆ. ಇದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಇಟ್ಟಿದ್ದೆ. ನನ್ನ ಕೈಯಾರೆ ಇಟ್ಟಿದ್ದೆ. ನನ್ನ ಹೆಂಡತಿ ಶೋಭಾ ಸಾಲಿಯಲ್ಲಿ ಕಲಿಸುತ್ತಾಳೆ, ಅವಳು ನನಗಿಂತ ಮೊದಲೇ ಹೋಗಿದ್ದಳು. ಅವ್ವ ಬುದ್ಧವಿಹಾರದಲ್ಲಿ ಏನೋ ಕಾರ್ಯಕ್ರಮವೆಂದು ನನ್ನ ಗಾಡಿಯಲ್ಲೇ ಬಂದು ಇಳಿದಳು.

ಮಧ್ಯಾಹ್ನ ಊಟಕ್ಕೆ ಬಂದೆ. ಬಾಗಿಲು ಬರೇ ಮುಂದಕ್ಕೆ ಎಳೆದಿತ್ತು, ಚಿಲಕ ಹಾಕಿರಲಿಲ್ಲ. ಒಳಗೆ ಅಲಮಾರಿ ತೆರೆದಿತ್ತು, ಲಾಕರಿನ ಬಾಗಿಲೂ ತೆರೆದಿತ್ತು. ಅದರ ಮುಂದೆ ವಿಲಾಸ ಗೋಡೆಗೆ ಒರಗಿ ಕೂತಿದ್ದ. ಅವನ ತೊಡೆಯ ಮೇಲೆ ಚರ್ಮದ ಚೀಲ ಇತ್ತು, ಬರಿದಾಗಿತ್ತು. ನನ್ನನ್ನು ನೋಡಿ, ಸಣ್ಣವನಿದ್ದಾಗ ಬುಗುರಿ ಬಚ್ಚಿಟ್ಟರೆ ಕೇಳುತ್ತಿದ್ದನಲ್ಲ, ಅದೇ ದನಿಯಲ್ಲಿ ಕೇಳಿದ:

"ಅಣ್ಣಾ, ಎಲ್ಲಿ ಇಟ್ಟಿದಿ?"

ಓಡಿ ಹೋಗಿ ತಬ್ಬಿಕೊಂಡೆ. "ಹುಚ್ಚಪ್ಪಾ, ನಾ ಸತ್ತೇನೇನೋ? ನಾ ಇನ್ನಾ ಅದೇನಿ ಅಲ್ಲೋ" ಎಂದು ಏನೇನೋ ಬಡಬಡಿಸಿದೆ. ರೇಖಾ ಹೋದಾಗಲೂ ಅಳದಿದ್ದವನು ಆಗ ಅತ್ತ. ಇಬ್ಬರೂ ನೆಲದ ಮೇಲೆ ಕೂತು ಅತ್ತೆವು. ಅವನ ತಲೆಯ ಬಿಸಿ ನನ್ನ ಎದೆಗೆ ತಾಗುತ್ತಿತ್ತು. ಪಿಸ್ತೂಲು ಎಲ್ಲಿ ಹೋಯಿತು ಎಂಬ ಪ್ರಶ್ನೆ ನನಗೆ ಹೊಳೆದದ್ದೇ ಬಹಳ ಹೊತ್ತಿನ ಮೇಲೆ.

ಶೋಭಾ ಬಂದಳು, ಅವ್ವನನ್ನು ಕರೆಸಿದೆವು. ಹಾಸಿಗೆ, ಟ್ರಂಕು, ಬಚ್ಚಲು, ಮಾಳಿಗೆ ಎಲ್ಲ ಹುಡುಕಿದೆವು. ಲೈಸೆನ್ಸಿನ ಪಿಸ್ತೂಲು ಕಳೆದರೆ ಠಾಣೆಗೆ ತಿಳಿಸಬೇಕು. ನಾನು ಅಂಗಿ ಹಾಕಿಕೊಂಡು ಹೊರಟೆ. ಅಷ್ಟರಲ್ಲಿ ಅವ್ವ, ಏನೇ ಆಗಲಿ ಹುಡುಗನಿಗೆ ಬಿಸಿ ರೊಟ್ಟಿ ಆಗಬೇಕೆಂದು, ಗಿರಣಿಗೆ ಕಳಿಸಲು ಜೋಳ ತೆಗೆಯಲು ಹೋದಳು. ಅಡುಗೆಮನೆಯ ಮೂಲೆಯಲ್ಲಿ ನಮ್ಮ ಜೋಳದ ಕೋಠಿ ಇದೆ, ಎದೆಮಟ್ಟದ ತಗಡಿನ ಡಬ್ಬ. "ಅಯ್ಯ! ಇದೇನಿದು?" ಎಂದು ಕೂಗಿದಳು. ಜೋಳದೊಳಗೆ ಮೊಣಕೈತನಕ ಇಳಿದ ಅವಳ ಕೈಗೆ ಬಟ್ಟೆಯ ಗಂಟೊಂದು ಸಿಕ್ಕಿತ್ತು.

ಹಸಿರು ನೂಲಿನ ಹಳೆಯ ಸೀರೆಯ ತುಂಡು, ಕೆಂಪು ಅಂಚು, ಒಗೆದು ಒಗೆದು ಮೆತ್ತಗಾದದ್ದು. ಮೇಲೆ ಚಪ್ಪಟೆಯಾದ ಸಣ್ಣ ಗಂಟು, ತುದಿಗಳೆರಡೂ ಒಳಗೆ ಸೇರಿಕೊಂಡಿದ್ದವು. ಶೋಭಾ ಉಗುರಿನಿಂದ ನೋಡಿದಳು, ಅವ್ವ ಹಲ್ಲಿನಿಂದ ನೋಡಿದಳು, ಬಿಚ್ಚಲಿಲ್ಲ. ನಾನು ಗಂಟು ಬಿಟ್ಟು ಪಕ್ಕಕ್ಕೆ ಕತ್ತರಿ ಹಾಕಿದೆ. ಒಳಗೆ ಪಿಸ್ತೂಲು ಇತ್ತು, ಗುಂಡುಗಳು ಬೇರೆಯಾಗಿ ಪಕ್ಕದಲ್ಲಿದ್ದವು. ನಾನು ಬೆಳಿಗ್ಗೆ ಹಚ್ಚಿದ ಎಣ್ಣೆ ಇನ್ನೂ ಜಿಡ್ಡು ಜಿಡ್ಡಾಗಿತ್ತು.

ನೀವು ಈಗ ಅಂದುಕೊಳ್ಳುತ್ತಿರುವುದನ್ನೇ ನಾನೂ ಅಂದುಕೊಂಡೆ. ಅವ್ವನದೇ ಕೆಲಸ. ಆದರೆ ಅವ್ವ ಆ ಪಿಸ್ತೂಲು ಬಂದಾಗಿನಿಂದ ಆ ಅಲಮಾರಿಗೆ ಬೆನ್ನು ಕೂಡ ತಾಗಿಸಿದವಳಲ್ಲ. "ಬುದ್ಧನ ಆಣಿ, ನಾ ಮುಟ್ಟಿಲ್ಲೋ. ಈ ಬಟ್ಟಿ ನಮ್ಮ ಮನೀದಲ್ಲ" ಎಂದಳು. ಶೋಭಾ ಹೌದೆಂದಳು, ಅಂಥ ಸೀರೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗೆ ಅಂಗಡಿಯಲ್ಲಿ ತಮ್ಮನ ಸುದ್ದಿ ಬಂದಾಗ ಹಿಂದಕ್ಕೆ ಸರಿದ ಮಾಣಿಕರಾವ್ ಅವರ ಕೈ ನೆನಪಾಯಿತು.

ಮರುದಿನ ಪಿಸ್ತೂಲನ್ನು ಠಾಣೆಗೆ ಒಪ್ಪಿಸಿದೆ. ನನಗೆ ಇನ್ನು ಅದು ಬೇಡ ಎಂದು ಬರೆದುಕೊಟ್ಟೆ. ಬಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಬೀದರಿಗೆ ಹೋಗಿ, ಚಿದ್ರಿಯಲ್ಲಿ ಮಾಣಿಕರಾವ್ ಅವರ ಮನೆ ಕೇಳಿಕೊಂಡು ಹೋದೆ. ಈ ಮುದುಕನಿಗೆ ಏನೋ ಗೊತ್ತಿದೆ, ನನ್ನಿಂದ ಮುಚ್ಚಿಟ್ಟು ಮಾರಿದ್ದಾನೆ ಎಂದು ಜಗಳಕ್ಕೇ ತಯಾರಾಗಿ ಹೋಗಿದ್ದೆ.

ಅವರೇ ಬಾಗಿಲು ತೆಗೆದರು. ಮನೆಯಲ್ಲಿ ಮತ್ತೆ ಯಾರೂ ಇದ್ದಂತೆ ಕಾಣಲಿಲ್ಲ. ನಾನು ಮಾತಿಗೆ ಮೊದಲೇ ಬಟ್ಟೆ ತೆಗೆದು ಅವರ ಮುಂದೆ ಇಟ್ಟೆ. ಅವರ ಮುಖ ಇಳಿಯಿತು.

"ಇದು ನಿಮಗ ಎಲ್ಲಿ ಸಿಕ್ತ್ರಿ?"

"ನಮ್ಮ ಜೋಳದ ಕೋಠಿದಾಗ" ಎಂದು ಎಲ್ಲ ಹೇಳಿದೆ. ತಮ್ಮನ ಸುದ್ದಿ, ತೆರೆದ ಲಾಕರಿನ ಸುದ್ದಿ. ಕೇಳುತ್ತ ಕೇಳುತ್ತ ಅವರು ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಕಣ್ಣು ನನ್ನ ಮೇಲೆಯೇ ಇತ್ತು. ಹೆಬ್ಬೆರಳು ತಾನಾಗಿ ಗಂಟಿನ ಕೆಳಗೆ ಹೋಯಿತು, ಒಂದು ಸಲ ಎಳೆಯಿತು. ನಮ್ಮ ಮನೆಯಲ್ಲಿ ಯಾರ ಕೈಗೂ ಜಗ್ಗದ ಗಂಟು ಸರಕ್ಕನೆ ಬಿಚ್ಚಿಕೊಂಡಿತು.

ಅವರು ಕೆಳಗೆ ನೋಡಿದರು. "ಅಯ್ಯ... ಬಿಚ್ಚಿಬಿಟ್ಟೆ" ಎಂದರು. ಮತ್ತೆ, "ಬಿಚ್ಚಿಬಿಟ್ನಲ್ರಿ" ಎಂದು ಅಳತೊಡಗಿದರು. ಜಗಳಕ್ಕೆ ಹೋದ ನಾನು ನೀರು ಹುಡುಕಿಕೊಂಡು ಅವರ ಅಡುಗೆಮನೆಗೆ ಹೋದೆ.

ಆಮೇಲೆ ಅವರು ಹೇಳಿದ್ದು ಇಷ್ಟು. ಅವರ ಹೆಂಡತಿ ಕಮಳಾಬಾಯಿ ಸಾಯಗಾಂವದವರು. ಗಂಡ ಡ್ಯೂಟಿಯಿಂದ ಬಂದ ಕೂಡಲೇ ಪಿಸ್ತೂಲನ್ನು ಬರಿಗೈಯಲ್ಲಿ ಮುಟ್ಟದೆ ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಹಿಡಿದು, ಕಟ್ಟಿ, ಜೋಳದೊಳಗೆ ಹೂಳಿ ಇಡುತ್ತಿದ್ದರಂತೆ.

"ಜೋಳದಾಗ ಇಟ್ಟ ಹತ್ಯಾರಕ್ಕ ಹಸಿವಿ ಆಗಂಗಿಲ್ಲ ಅಂತಿದ್ಲ್ರಿ. ನಾ ನಗ್ತಿದ್ದೆ. ದಿನಾ ಮುಂಜಾನಿ ಅಕಿ ಕಟ್ಟಿದ್ದು ನಾ ಬಿಚ್ಚಬೇಕು, ಯುನಿಫಾರ್ಮ್ ಹಾಕಬೇಕು. ನೌಕರಿ ಪೂರಾ ಅದೇ ನಡೀತು. ಒಂದ್ಸಲ ಅವರಣ್ಣನ ಮಗಳ ಲಗ್ನ ಅಂತ ಸಾಯಗಾಂವಕ್ಕ ಹೋದ್ಲು. ನಾ ಅಲಮಾರಿದಾಗ ಇಟ್ಟೆ. ಸಂತೋಷ ನಮಗ ಒಬ್ಬನೇ ಮಗ. ಅಂವನ ಮನಸ್ಸಿನಾಗ ಏನದ ಅಂತ ನಮಗ ಗೊತ್ತೇ ಆಗ್ಲಿಲ್ರಿ. ಅವತ್ತೇ ಅಂವ ಅದನ್ನ ತಗೊಂಡು..."

ಮಾತು ಅಲ್ಲಿಗೇ ಬಿಟ್ಟು ಲೋಟದ ನೀರು ಕುಡಿದರು. ಕಮಳಾಬಾಯಿ ಆಮೇಲೆ ಬಹಳ ದಿನ ಬದುಕಲಿಲ್ಲ. 'ನಾ ಇದ್ದಿದ್ರ ಜೋಳದಾಗ ಇಡ್ತಿದ್ದೆ' ಎಂಬ ಒಂದೇ ಮಾತು ಹೇಳಿಕೊಂಡೇ ಹೋದರಂತೆ. ಕೇಸು ಮುಗಿದು ಪಿಸ್ತೂಲು ವಾಪಸ್ ಬಂದಾಗ ಮನೆಯಲ್ಲಿ ಇಟ್ಟುಕೊಳ್ಳಲಾಗದೆ ಮಾಣಿಕರಾವ್ ಅದನ್ನು ಅಂಗಡಿಗೆ ಹಾಕಿದ್ದರು.

"ತನ್ನ ಮಗನ ಸಲುವಾಗಿ ಅಕಿ ಬರಾಕ ಆಗ್ಲಿಲ್ಲ" ಎಂದರು ಅವರು. "ನಿಮ್ಮ ತಮ್ಮನ ಸಲುವಾಗಿ ಅಷ್ಟು ದೂರ ಔರಾದಕ್ಕ ಬಂದ್ಲೇನ್ರಿ? ಬಸ್ಸಿನಾಗ ಕುಂತ್ರ ಅಕಿಗಿ ವಾಂತಿ ಆಗ್ತಿತ್ತು."

ಬಿಳಿ ಸೀರೆಯ ಅಂಗಡಿ ಕೇಳುತ್ತಿದ್ದ ನಾನು ಅವರ ಲೋಟಕ್ಕೆ ಇನ್ನಷ್ಟು ನೀರು ಹಾಕಿದೆ.

ಅವರು ಬಟ್ಟೆಯನ್ನು ಮಡಚಿ ಮತ್ತೆ ಅದೇ ಗಂಟು ಹಾಕಲು ನೋಡಿದರು. ಎಡದಿಂದ ಸುತ್ತಿದರು, ಬಲದಿಂದ ಸುತ್ತಿದರು, ತುದಿ ಒಳಗೆ ತೂರಿಸಿದರು. ಆಗಲಿಲ್ಲ. "ಬಿಚ್ಚಾಕಷ್ಟೇ ಬರ್ತದ್ರಿ ನನಗ. ಕಟ್ಟಾಕ ಅಕಿ ಇದ್ಲಲ್ಲ, ನಾ ಯಾವತ್ತೂ ನೋಡೇ ಇಲ್ಲ" ಎಂದರು. ನಾನು ಏಳುವಾಗ ಬಟ್ಟೆಯನ್ನು ಅವರಿಗೇ ಬಿಟ್ಟು ಹೊರಟೆ. ಅವರು ಬಾಗಿಲತನಕ ಬಂದು ಅದನ್ನು ಮತ್ತೆ ನನ್ನ ಚೀಲಕ್ಕೆ ಹಾಕಿದರು.

"ನೀವು ಒಯ್ರಿ. ನಿಮ್ಮ ಕೋಠಿದಾಗೇ ಇಡ್ರಿ. ಈ ಮನ್ಯಾಗ ಈಗ ಕೋಠಿ ಇಲ್ಲ, ಜೋಳ ಭಿ ಇಲ್ಲ. ನಾ ಹೋಟೆಲಿನಾಗ ಉಣ್ತೇನಿ. ಅಕಿ ಬಂದ್ರ ಎಲ್ಲಿ ಅಂತ ಹುಡುಕ್ಯಾಳು?"

ವಿಲಾಸನನ್ನು ಬೀದರಿನ ಡಾಕ್ಟರಿಗೆ ತೋರಿಸಿದೆವು. ಬಹಳ ದಿನ ಹಿಡಿಯಿತು. ಈಗ ಭಾಲ್ಕಿಗೆ ಮರಳಿ ಪಾಠ ಮಾಡುತ್ತಾನೆ, ಕೆಲವೊಮ್ಮೆ ನಗುತ್ತಾನೆ ಕೂಡ. ಅವ್ವ ಸುಳ್ಳು ಹೇಳಿದಳೇ? ಹೇಳಿದ್ದರೆ ಕಮಳಾಬಾಯಿಯ ಗಂಟು ಅವಳಿಗೆ ಹೇಗೆ ಬಂತು? ನಾನೇ ಮೈಮೇಲೆ ಖಬರಿಲ್ಲದೆ ಮಾಡಿದೆನೇ? ಆ ಸೀರೆ ಎಲ್ಲಿಂದ ಬಂತು? ನನಗೆ ಗೊತ್ತಿಲ್ಲ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಬಿಳಿ ಸೀರೆಯ ಕತೆ ಹೇಳುವವರ ಬಾಯಿ ಮುಚ್ಚಿಸುವುದನ್ನು ಬಿಟ್ಟಿದ್ದೇನೆ.

ಬಟ್ಟೆ ನಮ್ಮ ಜೋಳದೊಳಗೇ ಇದೆ. ಮಾಣಿಕರಾವ್ ಆಗಾಗ ಫೋನ್ ಮಾಡುತ್ತಾರೆ. ಮಳೆ, ತಮ್ಮ, ಅವ್ವನ ಮೊಣಕಾಲು ಎಲ್ಲ ವಿಚಾರಿಸಿ ಕೊನೆಗೆ ದನಿ ತಗ್ಗಿಸಿ ಕೇಳುತ್ತಾರೆ: "ಗಂಟು ಬಿದ್ದದೇನ್ರಿ?"

ಇಲ್ಲವೆಂದು ಕೂತಲ್ಲಿಂದಲೇ ಹೇಳಬಹುದು. ಹೇಳುವುದಿಲ್ಲ. ಪ್ರತಿ ಸಲ ಎದ್ದು ಅಡುಗೆಮನೆಗೆ ಹೋಗಿ, ಕೋಠಿಯ ಮುಚ್ಚಳ ತೆಗೆದು, ಜೋಳದೊಳಗೆ ಕೈ ಇಳಿಸಿ ಮುಟ್ಟಿ ನೋಡಿ ಬಂದು ಹೇಳುತ್ತೇನೆ.

"ಇನ್ನಾ ಇಲ್ರಿ ಸಾಹೇಬ್ರ."

"ಆಯ್ತ್ರಿ" ಎನ್ನುತ್ತಾರೆ. "ಇರ್ಲಿ ಬಿಡ್ರಿ. ಮತ್ತೊಮ್ಮಿ ಕೇಳ್ತೇನಿ."